ಫೋನಿನ ಪಕ್ಕ ಕೂತ ಹುಡುಗ

ಕೆಲವು ಲೇಖಕರನ್ನು ನಾವು ಉಲ್ಟಾ ಓದಿರ್ತೀವಿ. ಎರಿಶ್ ಕೆಸ್ಟ್ನರ್ ನನಗೆ ಹಾಗೇ ಸಿಕ್ಕವನು. ಬೇರೆಯವರು ಚಿಕ್ಕವರಿದ್ದಾಗ ಅವನ 'ಎಮಿಲ್ ಮತ್ತು ಪತ್ತೇದಾರರು' ಓದಿ, ದೊಡ್ಡವರಾದ ಮೇಲೆ ಮನಸ್ಸು ಬಂದರೆ ಮಿಕ್ಕ ಪುಸ್ತಕಗಳನ್ನು ಹುಡುಕಿಕೊಂಡು ಹೋಗ್ತಾರೆ. ನಾನು ಮೊದಲು ಓದಿದ್ದು 'ಫಾಬಿಯಾನ್', 1931ರ ಕಾದಂಬರಿ. ಡಾಕ್ಟರೇಟ್ ಮಾಡಿದ ನಾಯಕ ಬರ್ಲಿನ್ನಿನಲ್ಲಿ ಸಿಗರೇಟು ಕಂಪನಿಗೆ ಜಾಹೀರಾತು ಬರೀತಿರ್ತಾನೆ, ಒಂದಿನ ಕೆಲಸ ಹೋಗುತ್ತೆ. ಗೆಳೆಯರಲ್ಲಿ ಇಬ್ಬರಿಗೆ ಲೇಆಫ್ ಆಗಿದ್ದ ತಿಂಗಳಲ್ಲಿ ಓದಿದ್ದಕ್ಕೋ ಏನೋ, ಪುಸ್ತಕ ನೇರ ಎದೆಗೆ ತಾಗಿತ್ತು. ಕೊನೆಯ ಪುಟದಲ್ಲಿ ನದಿಗೆ ಬಿದ್ದ ಹುಡುಗನೊಬ್ಬನನ್ನು ಕಾಪಾಡಲು ಫಾಬಿಯಾನ್ ನೀರಿಗೆ ಹಾರ್ತಾನೆ. ಹುಡುಗ ಅಳ್ತಾ ಅಳ್ತಾ ಈಜಿ ದಡ ಸೇರ್ತಾನೆ. ಫಾಬಿಯಾನ್‌ಗೆ ಈಜು ಬರ್ತಿರಲಿಲ್ಲ, ಮುಳುಗಿ ಹೋಗ್ತಾನೆ. (ಕೊನೆ ಹೇಳಿಬಿಟ್ಟೆ ಅಂತ ಬೈಬೇಡಿ. ತೊಂಬತ್ತು ವರ್ಷ ಹಳೆಯ ಪುಸ್ತಕ.) ಅವತ್ತಿನಿಂದ ಕೆಸ್ಟ್ನರ್ ನನ್ನ ಮೆಚ್ಚಿನ ಲೇಖಕ.

'ಎಮಿಲ್' ಕೈಗೆ ಬಂದಿದ್ದು ಅದಾದ ಎಷ್ಟೋ ವರ್ಷದ ಮೇಲೆ, ಇಂಗ್ಲಿಷಿನಲ್ಲಿ. ಮಕ್ಕಳ ಪುಸ್ತಕ, ಒಂದು ಭಾನುವಾರಕ್ಕೆ ಸಾಕು ಅಂದುಕೊಂಡಿದ್ದೆ. ಓದಿ ಮುಗಿಸಿದ್ದು ಭಾನುವಾರವೇ. ಆದರೆ ತಲೆಯಿಂದ ಇಳಿಸೋಕೆ ಆಗಲಿಲ್ಲ.

ಕಥೆ ಬಹಳ ಸರಳ. ಎಮಿಲ್ ಟಿಶ್‌ಬೈನ್ ನಾಯ್‌ಸ್ಟಾಟ್ ಅನ್ನೋ ಸಣ್ಣ ಊರಿನ ಹುಡುಗ. ಅಪ್ಪ ಇಲ್ಲ. ಅಮ್ಮ ಮನೆಯಲ್ಲೇ ಹೆಂಗಸರ ತಲೆ ತೊಳೆದು, ಕೂದಲು ಸಿಂಗರಿಸಿ ಸಂಸಾರ ತೂಗಿಸ್ತಾಳೆ. ರಜೆಗೆ ಬರ್ಲಿನ್ನಿನ ಅಜ್ಜಿ ಮನೆಗೆ ಹೊರಟ ಮಗನ ಕೈಗೆ 140 ಮಾರ್ಕ್ ಕೊಡ್ತಾಳೆ. ಅದರಲ್ಲಿ 120 ಅಜ್ಜಿಗೆ, ಉಳಿದದ್ದು ಅವನ ಖರ್ಚಿಗೆ. ರೈಲಿನಲ್ಲಿ ಎಮಿಲ್ ಆ ನೋಟುಗಳನ್ನು ಕೋಟಿನ ಒಳಜೇಬಿಗೆ ಗುಂಡುಪಿನ್ನಿನಿಂದ ಚುಚ್ಚಿಟ್ಟುಕೊಳ್ತಾನೆ. ಬೋಗಿಯಲ್ಲಿ ಗುಂಡು ಟೋಪಿ ಹಾಕಿದ ಗ್ರುಂಡೈಸ್ ಅನ್ನೋ ಮನುಷ್ಯ, ಚಾಕೊಲೇಟ್ ಕೊಡ್ತಾನೆ. ಎಮಿಲ್‌ಗೆ ನಿದ್ದೆ ಹತ್ತುತ್ತೆ. ಎದ್ದಾಗ ದುಡ್ಡೂ ಇಲ್ಲ, ಟೋಪಿಯವನೂ ಇಲ್ಲ. ಬರ್ಲಿನ್ನಿನ ಝೂ ಸ್ಟೇಷನ್ನಿನಲ್ಲಿ ಆ ಟೋಪಿ ಕಾಣಿಸಿದ್ದೇ ತಡ, ಹುಡುಗ ಅಲ್ಲೇ ಇಳಿದು ಬೆನ್ನು ಹತ್ತುತ್ತಾನೆ. ಅಲ್ಲಿಂದ ಶುರು ಆಗೋದು ಬೀದಿಯ ಹುಡುಗರ ಪತ್ತೇದಾರಿ ಪಡೆ: ಕಾರಿನ ಹಾರನ್ ಇಟ್ಟುಕೊಂಡು ಓಡಾಡೋ ಗುಸ್ಟಾಫ್, ಪ್ರೊಫೆಸರ್ ಅಂತ ಹೆಸರಾದವನು, ಸೈಕಲ್ ಮೇಲೆ ಬರೋ ಕಸಿನ್ ಪೋನಿ, ಮತ್ತೆ ಪುಟ್ಟ ಡೀನ್ಸ್‌ಟಾಗ್. ಡೀನ್ಸ್‌ಟಾಗ್ ಅಂದರೆ ಮಂಗಳವಾರ. ಇವನ ಮನೆಯಲ್ಲಿ ಫೋನ್ ಇರೋದರಿಂದ ಇವನಿಗೆ ಸಿಕ್ಕ ಕೆಲಸ ಮನೆಯಲ್ಲೇ ಫೋನಿನ ಪಕ್ಕ ಕೂತಿರೋದು. ಎಲ್ಲರೂ ಕಳ್ಳನ ಹಿಂದೆ ಓಡ್ತಿರುವಾಗ ಇವನು ಕೂತಿರಬೇಕು. ಇವನನ್ನು ನೆನಪಿಟ್ಟುಕೊಳ್ಳಿ.

ಬ್ಲೈಟನ್‌ಳ 'ಫೇಮಸ್ ಫೈವ್' ಶುರುವಾಗಿದ್ದು 1942ರಲ್ಲಿ. 'ಎಮಿಲ್' ಬಂದಿದ್ದು 1929ರಲ್ಲಿ. ಬ್ಲೈಟನ್ ಮಕ್ಕಳಿಗೆ ದ್ವೀಪ ಇದೆ, ಸುರಂಗ ಇದೆ, ಬುಟ್ಟಿ ತುಂಬ ತಿಂಡಿ ಇದೆ. ಕೆಸ್ಟ್ನರನ ಮಕ್ಕಳಿಗೆ ಇರೋದು ಟ್ರಾಮು, ಫುಟ್‌ಪಾತು, ಟ್ಯಾಕ್ಸಿಗೆ ಎಷ್ಟಾಗುತ್ತೆ ಅನ್ನೋ ಚಿಂತೆ. ಯಾರ ಹತ್ತಿರ ಎಷ್ಟು ಚಿಲ್ಲರೆ ಇದೆ ಅಂತ ಒಟ್ಟು ಮಾಡಿ ಎಣಿಸೋ ಪತ್ತೇದಾರರನ್ನು ನಾನು ಬೇರೆ ಕಡೆ ನೋಡಿಲ್ಲ.

ದುಡ್ಡಿನ ವಿಚಾರವೇ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು. ವಾರಕ್ಕೆ 35 ಮಾರ್ಕ್ ದುಡಿಯುವವರಿಗೆ 140 ಮಾರ್ಕ್ ಅಂದರೆ ಎಷ್ಟು ದೊಡ್ಡದು ಅನ್ನೋದನ್ನು ಕೆಸ್ಟ್ನರ್ ಮಕ್ಕಳಿಗೆ ಬಿಡಿಸಿ ಹೇಳ್ತಾನೆ. ನಾಲ್ಕು ವಾರದ ದುಡಿಮೆ. ಆದರೆ ಅವನು ಹೇಳದೆ ಬಿಟ್ಟ ಲೆಕ್ಕ ಇನ್ನೊಂದಿದೆ, 1929ರ ಜರ್ಮನಿಯ ಯಾವ ದೊಡ್ಡವರಿಗೂ ಅದನ್ನು ಹೇಳಬೇಕಾಗಿರಲಿಲ್ಲ. ಅದಕ್ಕೂ ಆರು ವರ್ಷ ಹಿಂದೆ, 1923ರ ನವೆಂಬರಿನಲ್ಲಿ, ಒಂದು ಅಮೆರಿಕನ್ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ಬ್ಯಾಂಕಿನಲ್ಲಿ ಜೀವಮಾನವಿಡೀ ಕೂಡಿಟ್ಟ ಹಣ ಒಂದು ಬ್ರೆಡ್ಡಿಗೂ ಸಾಲದಂತಾಯ್ತು. ಕಡೆಗೆ ಸರ್ಕಾರ ಹೊಸ ನಾಣ್ಯ ತಂದಾಗ ಒಂದು ಲಕ್ಷ ಕೋಟಿ ಹಳೆಯ ಕಾಗದದ ಮಾರ್ಕಿಗೆ ಒಂದು ಹೊಸ ಮಾರ್ಕ್. ಹನ್ನೆರಡು ಸೊನ್ನೆ ಅಳಿಸಿದರು ಅಂತಿಟ್ಟುಕೊಳ್ಳಿ. ಮಧ್ಯಮ ವರ್ಗದ ಉಳಿತಾಯವೂ ಆ ಸೊನ್ನೆಗಳ ಜೊತೆ ಅಳಿಸಿಹೋಯ್ತು.

ಇದನ್ನು ತಿಳಿದುಕೊಂಡು ಮತ್ತೆ ಓದಿದರೆ, ಅಡುಗೆಮನೆಯಲ್ಲಿ ನಿಂತು ಮಗನಿಗೆ ನೋಟು ಎಣಿಸಿ ಕೊಡೋ ಆ ತಾಯಿ ಬೇರೆಯಾಗಿ ಕಾಣ್ತಾಳೆ. ದುಡ್ಡು ಅನ್ನೋದು ಕಣ್ಣೆದುರೇ ಗಾಳಿಯಾಗಿ ಹೋದದ್ದನ್ನು ನೋಡಿ, ಮತ್ತೆ ಒಂದೊಂದೇ ತಲೆ ತೊಳೆದು ಕೂಡಿಹಾಕಿದವಳು ಅವಳು. ಕಥೆಯ ಗಂಟು ಬಿಚ್ಚೋದೂ ಅಲ್ಲೇ. ಕಳ್ಳ ಬ್ಯಾಂಕಿನಲ್ಲಿ ಸಿಕ್ಕಿಬೀಳ್ತಾನೆ, ಆದರೆ ನೋಟು ಯಾರದು ಅಂತ ಸಾಬೀತು ಮಾಡೋದು ಹೇಗೆ? ನೋಟಿನ ಮೇಲೆ ಹೆಸರಿರಲ್ಲ. ಆಗ ಎಮಿಲ್‌ಗೆ ಪಿನ್ನು ನೆನಪಾಗುತ್ತೆ. ನೋಟುಗಳನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ತೂತು. ಲಕ್ಷ ಕೋಟಿಗಳನ್ನು ಕಂಡು ಕಂಗೆಟ್ಟ ದೇಶದಲ್ಲಿ, ಈ ದುಡ್ಡು ನಮ್ಮಮ್ಮನದು ಅಂತ ತೋರಿಸೋಕೆ ಉಳಿದ ಏಕೈಕ ಸಾಕ್ಷಿ ಒಂದು ಗುಂಡುಪಿನ್ನು ಮಾಡಿದ ತೂತು. ಷರ್ಲಾಕ್ ಹೋಮ್ಸ್‌ಗೂ ಇಷ್ಟು ಚೆನ್ನಾದ ಸುಳಿವು ಸಿಕ್ಕಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ, ಹೋಮ್ಸ್ ಅಭಿಮಾನಿಗಳು ಕ್ಷಮಿಸಬೇಕು.

ಎಮಿಲ್ ಪೊಲೀಸರ ಹತ್ತಿರ ಯಾಕೆ ಹೋಗಲ್ಲ? ಊರಿನಲ್ಲಿ ಯಾರೋ ಹಳೇ ಗ್ರ್ಯಾಂಡ್ ಡ್ಯೂಕನ ಪ್ರತಿಮೆಗೆ ಕೆಂಪು ಮೂಗು, ಮೀಸೆ ಬರೆದಿದ್ದಾನೆ. ಹಿಡಿದುಬಿಡ್ತಾರೆ ಅಂತ ಭಯ. ಕಡೆಗೆ ನೋಡಿದರೆ ಪೊಲೀಸರೆಲ್ಲ ಒಳ್ಳೆಯವರು, ಮಕ್ಕಳ ಬೆನ್ನು ತಟ್ಟಿ ಕಳಿಸ್ತಾರೆ. ಆದರೆ ಇದೇ 1929ರ ಮೇ ಮೊದಲ ವಾರ ಬರ್ಲಿನ್ ಪೊಲೀಸರು ಮೇ ದಿನದ ನಿಷೇಧ ಮುರಿದ ಕಾರ್ಮಿಕರ ಮೇಲೆ, ಅವರ ಬೀದಿಗಳ ಮೇಲೆ ಗುಂಡು ಹಾರಿಸಿ 30ಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಕೆಸ್ಟ್ನರ್ ಪತ್ರಿಕೆಗಳಿಗೆ ಬರೀತಿದ್ದವನು, ಅವನಿಗೆ ಗೊತ್ತಿರದ ವಿಷಯ ಅಲ್ಲ. ಕಳ್ಳ ತಂಗುವ ಹೋಟೆಲ್ ಇರೋದು, ಹುಡುಗರು ಕಾವಲು ಕೂರೋದು ನೋಲೆಂಡಾರ್ಫ್ ಚೌಕದಲ್ಲಿ. ಪುಸ್ತಕ ಬಂದ ಮರುವರ್ಷ, 1930ರ ಡಿಸೆಂಬರಿನಲ್ಲಿ, ಅದೇ ಚೌಕದ ಚಿತ್ರಮಂದಿರದಲ್ಲಿ ಯುದ್ಧವಿರೋಧಿ ಸಿನಿಮಾ 'ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್' ಓಡ್ತಿದ್ದಾಗ ಗೊಬೆಲ್ಸ್ ಮುಂದಾಳತ್ವದಲ್ಲಿ ನಾಜಿಗಳು ನುಗ್ಗಿ, ನಾತದ ಬಾಂಬು ಎಸೆದು, ಬಿಳಿ ಇಲಿಗಳನ್ನು ಬಿಟ್ಟು ಪ್ರದರ್ಶನ ನಿಲ್ಲಿಸಿದರು. ಕೆಲವೇ ದಿನದಲ್ಲಿ ಸಿನಿಮಾ ನಿಷೇಧವಾಯ್ತು, ಗಲಾಟೆ ಮಾಡಿದವರೇ ಗೆದ್ದರು. ಕಾದಂಬರಿಯ ನಕ್ಷೆಯನ್ನೂ ಇತಿಹಾಸದ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡೋ ಚಟ ನನಗೆ ಹತ್ತಿದ್ದು ಇಲ್ಲಿಂದ.

ಈ ಪುಸ್ತಕ ಬರೆಸಿದ್ದು ಒಬ್ಬ ಹೆಂಗಸು ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿರಲ್ಲ. 'ವೆಲ್ಟ್‌ಬ್ಯೂನೆ' ಅನ್ನೋ ವಾರಪತ್ರಿಕೆ ಆಗ ಬರ್ಲಿನ್ನಿನ ಎಡಪಂಥೀಯ ಬುದ್ಧಿಜೀವಿಗಳ ಅಡ್ಡಾ. ಅದರ ಸ್ಥಾಪಕ ಸೀಗ್‌ಫ್ರೀಡ್ ಯಾಕೊಬ್‌ಸೋನ್ 1926ರಲ್ಲಿ ತೀರಿಕೊಂಡ. ಅವನ ಹೆಂಡತಿ ಈಡಿತ್ ಮಕ್ಕಳ ಪುಸ್ತಕದ ಪ್ರಕಾಶನವನ್ನೂ ನಡೆಸ್ತಿದ್ದಳು. 'ಡಾಕ್ಟರ್ ಡೂಲಿಟ್ಲ್', 'ವಿನ್ನಿ ದ ಪೂ' ಜರ್ಮನ್ನಿಗೆ ಬಂದಿದ್ದು ಅವಳಿಂದಲೇ. ಲೇಖಕರು ಸೇರಿದ್ದ ಒಂದು ಸಂಜೆ, ವ್ಯಂಗ್ಯದ ಪದ್ಯ ಬರೆದು ಹೆಸರಾಗಿದ್ದ ಮೂವತ್ತು ವರ್ಷದ ಕೆಸ್ಟ್ನರ್‌ಗೆ ಮಕ್ಕಳಿಗಾಗಿ ಒಂದು ಕಾದಂಬರಿ ಬರೆಯೋಕೆ ಹೇಳಿದವಳು ಈಡಿತ್. ಅವನು ಬೇರೆಲ್ಲೂ ಹುಡುಕೋಕೆ ಹೋಗಲಿಲ್ಲ. ಅವನ ಅಮ್ಮ ಈಡಾ ಡ್ರೆಸ್ಡೆನ್ನಿನಲ್ಲಿ ನಿಜವಾಗಲೂ ಕೂದಲು ಸಿಂಗರಿಸುವ ಕೆಲಸ ಮಾಡಿ ಒಬ್ಬನೇ ಮಗನನ್ನು ಓದಿಸಿದವಳು. ಎಮಿಲ್ ಅನ್ನೋದು ಅವನ ಅಪ್ಪನ ಹೆಸರು. ಚಿತ್ರ ಬರೆದವನು ಪ್ರಾಗ್‌ನ ವಾಲ್ಟರ್ ಟ್ರಿಯರ್. ಆ ಮುಖಪುಟ ನೀವೂ ಎಲ್ಲಾದರೂ ನೋಡಿರ್ತೀರಿ: ಪೂರ್ತಿ ಹಳದಿ, ಖಾಲಿ ಬೀದಿ, ಜಾಹೀರಾತಿನ ಕಂಬದ ಹಿಂದೆ ಅವಿತ ಇಬ್ಬರು ಹುಡುಗರು, ದೂರದಲ್ಲಿ ಬೆನ್ನು ತೋರಿಸಿ ನಡೆಯೋ ಟೋಪಿಯವನು.

1931ರಲ್ಲಿ ಅದು ಸಿನಿಮಾ ಆಯ್ತು. ನಿರ್ದೇಶಕ ಗೆರ್‌ಹಾರ್ಡ್ ಲಾಂಪ್ರೆಷ್ಟ್, ಚಿತ್ರಕಥೆ ಮುಂದೆ ಹಾಲಿವುಡ್‌ನಲ್ಲಿ 'ಸಮ್ ಲೈಕ್ ಇಟ್ ಹಾಟ್' ಮಾಡಿದ ಬಿಲ್ಲಿ ವೈಲ್ಡರ್‌ನದು. ಎಮಿಲ್ ಪಾತ್ರಕ್ಕೆ ರೋಲ್ಫ್ ವೆಂಕ್‌ಹೌಸ್, ಗುಸ್ಟಾಫ್ ಪಾತ್ರಕ್ಕೆ ಹಾನ್ಸ್ ಯೋಆಖಿಮ್ ಶೌಫುಸ್. ಪುಟ್ಟ ಡೀನ್ಸ್‌ಟಾಗ್ ಆಗಿ ಹಾನ್ಸ್ ಆಲ್‌ಬ್ರೆಷ್ಟ್ ಲೋರ್, ಪುಸ್ತಕ ಓದಿ ಕೆಸ್ಟ್ನರ್‌ಗೆ ಕಾಗದ ಬರೆದಿದ್ದ ಹುಡುಗ. ಪೋನಿ ಪಾತ್ರ ಮಾಡಿದ ಇಂಗೆ ಲಾಂಡ್‌ಗುಟ್ ಅದೇ ವರ್ಷ ಫ್ರಿಟ್ಸ್ ಲಾಂಗ್‌ನ 'ಎಮ್' ಸಿನಿಮಾದಲ್ಲೂ ಇದ್ದಾಳೆ, ಚೆಂಡು ಹಿಡಿದು ಶಾಲೆಯಿಂದ ಮನೆಗೆ ಬರ್ತಾ ಕೊಲೆಗಾರನ ಕೈಗೆ ಸಿಗೋ ಎಲ್ಸಿಯಾಗಿ. ಇದು ಗೊತ್ತಾದಾಗ ಮೈ ಜುಮ್ ಅಂತು. ಒಂದೇ ವರ್ಷ, ಒಂದೇ ಊರು, ಒಂದೇ ಹುಡುಗಿ. ಒಂದು ಸಿನಿಮಾದಲ್ಲಿ ಅಪರಿಚಿತನೊಬ್ಬ ಮಕ್ಕಳ ಹಿಂದೆ ಬೀಳ್ತಾನೆ, ಇನ್ನೊಂದರಲ್ಲಿ ಮಕ್ಕಳೇ ಅಪರಿಚಿತನ ಹಿಂದೆ. ಎರಡರಲ್ಲೂ ಅವನು ಸಿಹಿ ತಿಂಡಿ ಕೊಡ್ತಾನೆ.

1933ರ ಫೆಬ್ರವರಿಯಲ್ಲಿ ರೈಷ್‌ಟಾಗ್ ಕಟ್ಟಡಕ್ಕೆ ಬೆಂಕಿ ಬಿತ್ತು. ಒಬ್ಬೊಬ್ಬರದೂ ಒಂದೊಂದು ದಾರಿ. 'ವೆಲ್ಟ್‌ಬ್ಯೂನೆ'ಯ ಸಂಪಾದಕ ಓಸಿಯೆಟ್‌ಸ್ಕಿಯನ್ನು ಮರುದಿನವೇ ಹಿಡಿದರು. ಕ್ಯಾಂಪಿನಲ್ಲಿ ನರಳಿ, ನೊಬೆಲ್ ಶಾಂತಿ ಪ್ರಶಸ್ತಿ ಬಂದಮೇಲೂ ಬಿಡುಗಡೆ ಕಾಣದೆ ಪೊಲೀಸರ ಕಾವಲಿನಲ್ಲೇ 1938ರಲ್ಲಿ ತೀರಿಕೊಂಡ. ವೈಲ್ಡರ್ ಪ್ಯಾರಿಸ್‌ಗೆ ಓಡಿದ, ಅಲ್ಲಿಂದ ಅಮೆರಿಕಕ್ಕೆ. ಯಹೂದಿಯಾಗಿದ್ದ ಈಡಿತ್ ದೇಶ ಬಿಟ್ಟಳು, 1935ರ ಕೊನೆಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. ಟ್ರಿಯರ್ 1936ರಲ್ಲಿ ಲಂಡನ್ ಸೇರಿದ, ಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರಕ್ಕೆ ನಾಜಿ ವಿರೋಧಿ ಚಿತ್ರ ಬರೆದುಕೊಟ್ಟ. ಕೆಸ್ಟ್ನರ್? ಬೆಂಕಿ ಬಿದ್ದಾಗ ಅವನು ದೇಶದ ಹೊರಗೇ ಇದ್ದ. ಝೂರಿಕ್‌ನಲ್ಲಿ ಓಡಿಬಂದವರು ಸಿಕ್ಕು ವಾಪಸ್ ಹೋಗಬೇಡ ಅಂದರು. ಅವನು ರೈಲು ಹತ್ತಿ ಬರ್ಲಿನ್ನಿಗೇ ಹೋದ.

ಅದೇ ವರ್ಷ ಮೇ 10ರ ರಾತ್ರಿ ಬರ್ಲಿನ್ನಿನ ಒಪೆರಾ ಚೌಕದಲ್ಲಿ ವಿದ್ಯಾರ್ಥಿಗಳು ಸುಮಾರು 20,000 ಪುಸ್ತಕ ಸುಟ್ಟರು. ಹೆಸರು ಕೂಗಿ ಕೂಗಿ ಬೆಂಕಿಗೆ ಹಾಕಿದವರಲ್ಲಿ ಕೆಸ್ಟ್ನರ್ ಒಬ್ಬ. ಬೆಂಕಿಗೆ ಹೋದ ಲೇಖಕರಲ್ಲಿ ಅಲ್ಲಿ ನಿಂತು ನೋಡಿದವನೂ ಅವನೇ. ಗುಂಪಿನಲ್ಲಿ ಸಮವಸ್ತ್ರದ ವಿದ್ಯಾರ್ಥಿಗಳ ನಡುವೆ ಸಿಕ್ಕಿಕೊಂಡಿದ್ದಾಗ ಒಬ್ಬ ಹುಡುಗಿ ಗುರುತು ಹಿಡಿದು, ಕೆಸ್ಟ್ನರ್ ಇಲ್ಲೇ ನಿಂತಿದ್ದಾನೆ ಅಂತ ಕೂಗಿದಳಂತೆ. ಅವನೇ ಮುಂದೆ ಬರೆದುಕೊಂಡಿದ್ದಾನೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಅವನ ಪುಸ್ತಕಗಳಲ್ಲಿ ಆಗ ಉಳಿದಿದ್ದು 'ಎಮಿಲ್' ಒಂದೇ. ಅದನ್ನು ಮುಟ್ಟೋಕೆ ಧೈರ್ಯ ಬರಲಿಲ್ಲ, ಅಷ್ಟು ಮನೆಗಳಲ್ಲಿ ಅದು ಇತ್ತು. ಕೆಲವು ವರ್ಷದಲ್ಲಿ ಅದಕ್ಕೂ ನಿಷೇಧ ಬಂತು.

ಇಲ್ಲಿ ನನಗೆ ಒಂದು ತಕರಾರಿದೆ. 'ಎಮಿಲ್'ನ ಅತ್ಯಂತ ಖುಷಿಯ ದೃಶ್ಯ ಯಾವುದು ಅಂತ ಕೇಳಿದರೆ ಎಲ್ಲರೂ ಹೇಳೋದು, ಬೆಳಗ್ಗೆ ಕಳ್ಳ ಹೋಟೆಲಿನಿಂದ ಹೊರಗೆ ಬಂದಾಗ ನೂರು ಮಕ್ಕಳು ಸದ್ದಿಲ್ಲದೆ ಅವನನ್ನು ಸುತ್ತುವರಿಯುವ ದೃಶ್ಯ. ಅವನು ನಡೆದರೆ ಇವರೂ ನಡೀತಾರೆ, ನಿಂತರೆ ನಿಲ್ತಾರೆ. ಮೊದಲ ಸಲ ಓದಿದಾಗ ನಾನೂ ಚಪ್ಪಾಳೆ ಹೊಡೀಬೇಕು ಅನ್ನೋ ಹಾಗಾದೆ. ಎರಡನೇ ಸಲ ಕಾಲು ತಣ್ಣಗಾಯ್ತು. ನಾಲ್ಕೇ ವರ್ಷದಲ್ಲಿ ಅದೇ ಊರಿನ ಬೀದಿಗಳಲ್ಲಿ ಎಳೆಯರ ಗುಂಪು ಒಬ್ಬ ಮನುಷ್ಯನನ್ನು ಸುತ್ತುವರಿಯೋದಕ್ಕೆ ಬೇರೆಯೇ ಅರ್ಥ ಬಂದಿತ್ತು. ಒಪೆರಾ ಚೌಕದ ಇಪ್ಪತ್ತು ವರ್ಷದ ವಿದ್ಯಾರ್ಥಿಗೆ 1929ರಲ್ಲಿ ಹದಿನಾರು. ಅವನ ತಮ್ಮಂದಿರ ಕಪಾಟಿನಲ್ಲಿ ಹಳದಿ ಮುಖಪುಟದ ಪುಸ್ತಕ ಖಂಡಿತ ಇದ್ದಿರಬೇಕು. ಇದಕ್ಕೆ ಕೆಸ್ಟ್ನರನನ್ನು ಹೊಣೆ ಮಾಡೋದು ಅನ್ಯಾಯ, ಒಪ್ಪುತ್ತೇನೆ. ಅವನ ಮಕ್ಕಳು ಒಬ್ಬರ ಮೇಲೂ ಕೈ ಮಾಡಲ್ಲ, ದುಡ್ಡು ವಾಪಸ್ ಪಡೆಯೋದಷ್ಟೇ ಅವರಿಗೆ ಬೇಕು, ಕಳ್ಳ ಅಂತ ರುಜುವಾತಾಗೋವರೆಗೂ ಸಾಕ್ಷಿ ಹುಡುಕ್ತಾರೆ. ಆ ವ್ಯತ್ಯಾಸ ಸಣ್ಣದಲ್ಲ. ಆದರೂ ಓದುವಾಗ ಮೊದಲಿನ ಖುಷಿ ಪೂರ್ತಿ ವಾಪಸ್ ಬರಲಿಲ್ಲ.

ಈಗ ಹುಡುಗರ ಕಥೆ. ಇದನ್ನು ಹುಡುಕದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತೆ.

ಹಾರನ್ ಹಿಡಿದ ಗುಸ್ಟಾಫ್, ಅಂದರೆ ಶೌಫುಸ್, 1941ರ ಅಕ್ಟೋಬರಿನಲ್ಲಿ ರಷ್ಯಾದ ರಣರಂಗದಲ್ಲಿ ಸತ್ತ. ಎಮಿಲ್ ಆಗಿದ್ದ ವೆಂಕ್‌ಹೌಸ್ 1942ರ ಜನವರಿಯಲ್ಲಿ ಜರ್ಮನ್ ಯುದ್ಧವಿಮಾನದಲ್ಲಿದ್ದಾಗ ಐರ್ಲೆಂಡ್ ಕರಾವಳಿಯ ಬಳಿ ಅದನ್ನು ಹೊಡೆದುರುಳಿಸಲಾಯ್ತು. 1931ರ ಸಿನಿಮಾದ ಕೊನೆಯಲ್ಲಿ ಎಮಿಲ್ ಊರಿಗೆ ಮರಳೋದು ವಿಮಾನದಲ್ಲಿ. ಊರವರೆಲ್ಲ ಬ್ಯಾಂಡು ಬಾರಿಸ್ತಾ ಸ್ವಾಗತಕ್ಕೆ ನಿಂತಿರ್ತಾರೆ. ಆ ದೃಶ್ಯವನ್ನು ಈಗ ನೋಡೋಕೆ ನನ್ನ ಕೈಲಾಗಲ್ಲ.

ಫೋನಿನ ಪಕ್ಕ ಕೂತ ಪುಟ್ಟ ಡೀನ್ಸ್‌ಟಾಗ್, ಹಾನ್ಸ್ ಆಲ್‌ಬ್ರೆಷ್ಟ್ ಲೋರ್, 1942ರಲ್ಲಿ ಪೂರ್ವ ರಣರಂಗದಲ್ಲಿ ಸತ್ತ. ಇಪ್ಪತ್ತು ವರ್ಷ.

ಕಾದಂಬರಿಯ ಕೊನೆಗೆ ಎಲ್ಲ ಹುಡುಗರೂ ಕೇಕ್ ತಿನ್ತಾ ಕೂತಿರುವಾಗ ಎಮಿಲ್‌ನ ಅಜ್ಜಿ ಒಂದು ಪುಟ್ಟ ಭಾಷಣ ಮಾಡ್ತಾಳೆ. ನೀವೆಲ್ಲ ಕಳ್ಳನ ಹಿಂದೆ ಓಡಿದಿರಿ, ಸರಿ. ಆದರೆ ನಿಮ್ಮಲ್ಲಿ ಒಬ್ಬನಿಗೆ ಓಡಬೇಕು ಅಂತ ಎಷ್ಟೇ ಆಸೆ ಇದ್ದರೂ, ಒಪ್ಪಿಕೊಂಡ ಕೆಲಸ ಅಂತ ಎರಡು ದಿನ ಫೋನ್ ಬಿಟ್ಟು ಏಳಲಿಲ್ಲ ಅನ್ನೋದು ಅವಳ ಮಾತಿನ ಸಾರ. ಎಲ್ಲರೂ ಎದ್ದು ನಿಂತು ಡೀನ್ಸ್‌ಟಾಗ್‌ಗೆ ಜೈ ಅಂತಾರೆ. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಕಣ್ಣಿಗೆ ಬೀಳದ ಕೆಲಸ ಮಾಡೋರನ್ನು ಗುರುತಿಸೋ ಪತ್ತೇದಾರಿ ಕಥೆ ಎಷ್ಟಿವೆ ಹೇಳಿ. ಆದರೆ ಒಪ್ಪಿಸಿದ ಜಾಗ ಬಿಟ್ಟು ಕದಲಬಾರದು ಅನ್ನೋದನ್ನೇ ಮುಂದಿನ ಹತ್ತು ವರ್ಷ ಆ ದೇಶದ ಹುಡುಗರಿಗೆ ಇನ್ಯಾರೋ ಇನ್ಯಾವುದಕ್ಕೋ ಕಲಿಸಿದರಲ್ಲ. ಆ ಪುಟವನ್ನು ಈಗ ಹೇಗೆ ಓದಬೇಕು ಅಂತ ನನಗೆ ಗೊತ್ತಾಗ್ತಿಲ್ಲ.

ಕೆಸ್ಟ್ನರ್ ಕೂಡ ಜಾಗ ಬಿಟ್ಟು ಕದಲಲಿಲ್ಲ. ಅಮ್ಮನನ್ನು ಬಿಟ್ಟು ಹೋಗಲಾರೆ ಅನ್ನೋದು ಒಂದು ಕಾರಣ. ದಿನಾ ಅನ್ನೋ ಹಾಗೆ ಅವಳಿಗೆ ಕಾಗದ ಬರೀತಿದ್ದ. ಕಣ್ಣಾರೆ ಕಂಡು ಮುಂದೆ ಬರೀಬೇಕು ಅನ್ನೋದು ಇನ್ನೊಂದು. ಗೆಸ್ಟಾಪೋ ಎರಡು ಸಲ ಹಿಡಿದು ವಿಚಾರಿಸಿ ಬಿಟ್ಟಿತು. ದೇಶದೊಳಗೆ ಪ್ರಕಟಿಸುವಂತಿಲ್ಲ, ಸ್ವಿಟ್ಜರ್ಲೆಂಡಿನಲ್ಲಿ ಪುಸ್ತಕ ಬರ್ತಿತ್ತು. ಬೇರೆ ಹೆಸರಿನಲ್ಲಿ ಬರೆದು ಬದುಕಿದ. 1943ರಲ್ಲಿ ಉಫಾ ಸ್ಟುಡಿಯೋದ 25ನೇ ವರ್ಷಕ್ಕೆ ಅಂತ ತೆಗೆದ ಅದ್ದೂರಿ ಬಣ್ಣದ ಸಿನಿಮಾ 'ಮ್ಯೂನ್‌ಹೌಸೆನ್'ಗೆ ಬೆರ್ಟೋಲ್ಡ್ ಬ್ಯೂರ್ಗರ್ ಅನ್ನೋ ಹೆಸರಲ್ಲಿ ಚಿತ್ರಕಥೆ ಬರೆದದ್ದೂ ಅವನೇ. ಅಂದರೆ ಪುಸ್ತಕ ಸುಡಿಸಿದ ಗೊಬೆಲ್ಸ್‌ನ ಸಾಮ್ರಾಜ್ಯಕ್ಕೇ ದುಡಿದ. ಮೆಚ್ಚಿನ ಲೇಖಕ ಅನ್ನೋ ಕಾರಣಕ್ಕೆ ಇದನ್ನು ಮುಚ್ಚಿಡೋಕೆ ಇಷ್ಟ ಇಲ್ಲ. ಹಾಗಂತ ಬೆಂಗಳೂರಿನಲ್ಲಿ ಫ್ಯಾನ್ ಕೆಳಗೆ ಕೂತು ತೀರ್ಪು ಕೊಡೋಕೂ ನಾಚಿಕೆಯಾಗುತ್ತೆ. 1944ರ ಫೆಬ್ರವರಿಯಲ್ಲಿ ಬಾಂಬು ಬಿದ್ದು ಅವನ ಮನೆ, ಇಡೀ ಪುಸ್ತಕ ಭಂಡಾರ ಸುಟ್ಟುಹೋಯ್ತು. ಮುಂದಿನ ವರ್ಷ ಅದೇ ತಿಂಗಳು ಡ್ರೆಸ್ಡೆನ್ ಸುಟ್ಟಿತು. ಅಪ್ಪ ಅಮ್ಮ ಬದುಕಿದ್ದಾರೆ ಅಂತ ಗೊತ್ತಾಗೋವರೆಗೂ ಎಷ್ಟೋ ದಿನ ಒದ್ದಾಡಿದ.

ಕಣ್ಣಾರೆ ಕಂಡದ್ದನ್ನು ಬರೆದನೇ? ನಾಜಿ ಕಾಲದ ಬಗ್ಗೆ ಬರೀಬೇಕು ಅಂದುಕೊಂಡ ದೊಡ್ಡ ಕಾದಂಬರಿ ಬರಲೇ ಇಲ್ಲ. ಉಳಿದಿದ್ದು ಒಂದು ನೀಲಿ ರಟ್ಟಿನ ಖಾಲಿ ಪುಸ್ತಕದಲ್ಲಿ ಶೀಘ್ರಲಿಪಿಯಲ್ಲಿ ಗೀಚಿದ ಗುಟ್ಟಿನ ದಿನಚರಿ, ಕಪಾಟಿನಲ್ಲಿ ಬೇರೆ ಪುಸ್ತಕಗಳ ಮಧ್ಯೆ ಬಚ್ಚಿಟ್ಟದ್ದು. ಅವನು 1974ರಲ್ಲಿ ತೀರಿಕೊಂಡ. ಅದು ಪೂರ್ತಿಯಾಗಿ ಅಚ್ಚಾಗಿದ್ದು 2018ರಲ್ಲಿ. ಪತ್ತೇದಾರಿ ಕಥೆ ಬರೆದವನ ದಿನಚರಿಯನ್ನು ಓದೋಕೆ ಬೇರೆಯವರು ಪತ್ತೇದಾರರಾಗಬೇಕಾಯ್ತು, ಆ ಹಳೇ ಶೀಘ್ರಲಿಪಿ ಬಲ್ಲವರು ಅಷ್ಟು ಕಡಿಮೆ.

ಪುಸ್ತಕ ಸುಟ್ಟ ಚೌಕಕ್ಕೆ ಈಗ ಬೆಬೆಲ್ ಚೌಕ ಅಂತ ಹೆಸರು. 1995ರಲ್ಲಿ ಮೀಖಾ ಉಲ್ಮನ್ ಅನ್ನೋ ಇಸ್ರೇಲಿ ಕಲಾವಿದ ಅಲ್ಲಿ ಸ್ಮಾರಕ ಮಾಡಿದ್ದಾನೆ. ಕಲ್ಲುಹಾಸಿನ ನಡುವೆ ಒಂದು ಗಾಜು. ಬಗ್ಗಿ ನೋಡಿದರೆ ನೆಲದ ಕೆಳಗೆ ಬಿಳಿ ಕೋಣೆ, ಸುತ್ತ 20,000 ಪುಸ್ತಕ ಹಿಡಿಯುವಷ್ಟು ಬಿಳಿ ಕಪಾಟು, ಎಲ್ಲ ಖಾಲಿ.

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಮನೆಗೆ ಬಂದಿದ್ದ, ಹನ್ನೊಂದು ವರ್ಷ. ಫೋನ್ ಕಿತ್ತುಕೊಂಡು 'ಎಮಿಲ್' ಕೊಟ್ಟೆ. ಮೊದಲು ಮುಖ ಸಿಂಡರಿಸಿದ, ಆಮೇಲೆ ಎರಡು ಸಂಜೆಯಲ್ಲಿ ಮುಗಿಸಿದ. ಹುಡುಗರ ಕಥೆ ಹೇಳೋದೋ ಬೇಡವೋ ಅಂತ ನನ್ನೊಳಗೇ ಜಗಳ. ಕೇಳಿದರೆ ಹೇಳಿಬಿಡೋಣ ಅಂತ ಹಿಟ್ಲರ್, 1933, ಯುದ್ಧ ಎಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಕೂತಿದ್ದೆ. ಕಾದಂಬರಿಯ ಕಟ್ಟಕಡೆಗೆ, ಇದರಿಂದ ಕಲಿಯೋ ಪಾಠ ಏನು ಅಂತ ದೊಡ್ಡವರು ಚರ್ಚೆ ಮಾಡ್ತಾರೆ. ಅಜ್ಜಿ ಎಲ್ಲರ ಮಾತನ್ನೂ ತಳ್ಳಿಹಾಕಿ, ದುಡ್ಡು ಕಳಿಸೋದಿದ್ದರೆ ಮನಿ ಆರ್ಡರ್ ಮಾಡಬೇಕು, ಪಾಠ ಅಷ್ಟೇ ಅಂತಾಳೆ.

"ಮಾಮ, ಒಂದು ಡೌಟು" ಅಂದ.

"ಕೇಳು ಪುಟ್ಟಾ."

"ಮನಿ ಆರ್ಡರ್ ಅಂದ್ರೆ ಏನು?"